ರತ್ನಪರೀಕ್ಷಾ ಗ್ರಂಥಗಳಲ್ಲಿ ವಜ್ರ: ಉತ್ಪತ್ತಿ, ಲಕ್ಷಣ, ಮೌಲ್ಯ ಮತ್ತು ‘ಜನ್ಮರತ್ನ’ದ ಪ್ರಶ್ನೆ

ಕಡೂರಿನ ಕಂಬಶಾಸನವು ಜೈನ ವಿದ್ವಾಂಸರಿಗೆ ಚಿರಪರಿಚಿತವಾದುದು. ಗಂಗದೊರೆ ಬೂತುಗನ ಅಕ್ಕನಾದ ಪಾಂಬಬ್ಬೆಯು ನಾಣಬ್ಬೆ ಕಂತಿಯರ ಶಿಷ್ಯೆಯಾಗಿ, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿ ಕ್ರಿ.ಶ. 971ರಲ್ಲಿ ದೇಹತ್ಯಾಗ ಮಾಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಅದೇ ಸೀಮೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಜೈನ ಕವಿ ಜನ್ನನು ರಚಿಸಿದ 1196ರ ಶಾಸನವಿದೆ. ಬಿ. ಎಲ್. ರೈಸ್ ಅವರು 1901ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟದಲ್ಲಿ ಇವೆರಡೂ ಅಚ್ಚಾಗಿವೆ. ಹೀಗೆ ಅಕ್ಷರ ಮತ್ತು ಆಚಾರ ಎರಡರ ಪರಂಪರೆಯನ್ನೂ ಉಳ್ಳ ಕಡೂರು, ತರೀಕೆರೆ ಹಾಗೂ ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಶ್ರಾವಕರ ಮನೆಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ: “ಇಂಥ ತಿಂಗಳಲ್ಲಿ ಹುಟ್ಟಿದವರಿಗೆ ವಜ್ರವೇ ಜನ್ಮರತ್ನವಂತೆ, ಶಾಸ್ತ್ರವು ಇದಕ್ಕೆ ಏನು ಹೇಳುತ್ತದೆ?”

ಪ್ರಶ್ನೆ ಸಾಮಾನ್ಯವಾಗಿ ತೋರಿದರೂ ಅದರ ಪರಿಣಾಮ ಸಾಮಾನ್ಯವಲ್ಲ. ಮಧ್ಯಮ ಸ್ಥಿತಿಯ ಒಂದು ಕುಟುಂಬವು ತನ್ನ ವರ್ಷದ ಗಳಿಕೆಯನ್ನು ಒಂದು ಹರಳಿಗೆ ಸುರಿಯಬಹುದು. ಪಂಡಿತರ ಬಾಯಿಂದ ಬಂದ ಒಂದು ಮಾತು ಅದಕ್ಕೆ ಪ್ರಮಾಣವಾಗಿ ನಿಲ್ಲಬಹುದು. ಆದುದರಿಂದ ರತ್ನಶಾಸ್ತ್ರದ ಗ್ರಂಥಗಳು ವಜ್ರವನ್ನು ಕುರಿತು ನಿಜವಾಗಿ ಏನು ಹೇಳಿವೆ, ಆ ಮಾತುಗಳಲ್ಲಿ ಯಾವುವು ಪರೀಕ್ಷೆಗೆ ನಿಲ್ಲುತ್ತವೆ, ಜೈನಾಗಮದ ದೃಷ್ಟಿ ಯಾವುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹೆಸರು

ಸಂಸ್ಕೃತದಲ್ಲಿ ‘ವಜ್ರ’, ‘ಹೀರಕ’ ಎಂಬ ಹೆಸರುಗಳು ರೂಢಿಯಲ್ಲಿವೆ. ‘ವಜ್ರ’ವೆಂಬುದು ಇಂದ್ರನ ಆಯುಧಕ್ಕೂ ರತ್ನಕ್ಕೂ ಸಮಾನವಾದ ಶಬ್ದ. ಪ್ರಾಕೃತದಲ್ಲಿ ಇದು ‘ವಇರ’ವಾಗುತ್ತದೆ, ಕನ್ನಡದಲ್ಲಿ ‘ಬಜ್ಜರ’ವೆಂಬ ತದ್ಭವ ರೂಪವಿದೆ. ಮೇಲುಕೋಟೆಯ ‘ವೈರಮುಡಿ’ಯಲ್ಲಿರುವ ‘ವೈರ’ವು ಹಗೆತನವನ್ನು ಸೂಚಿಸುವ ಶಬ್ದವಲ್ಲ, ವಜ್ರವಾಚಕವಾದ ಈ ರೂಪವೇ ಎಂಬುದನ್ನು ಇಲ್ಲಿ ನೆನೆಯಬಹುದು. ಓಲೆಗರಿಗಳಲ್ಲಿ ‘ವೈರ’, ‘ವಯಿರ’ ಎಂಬ ರೂಪಗಳು ಎದುರಾದಾಗ ಸಂಪಾದಕನು ಪ್ರಕರಣವನ್ನು ನೋಡದೆ ಅರ್ಥ ಮಾಡಬಾರದು.

ಜೈನ ಸಾಹಿತ್ಯದಲ್ಲಿ ಈ ಶಬ್ದದ ವ್ಯಾಪ್ತಿ ದೊಡ್ಡದು. ಹದಿನೈದನೆಯ ತೀರ್ಥಂಕರನಾದ ಧರ್ಮನಾಥನ ಲಾಂಛನವು ವಜ್ರ. ಆರು ಸಂಹನನಗಳಲ್ಲಿ ಉತ್ತಮವಾದುದು ವಜ್ರವೃಷಭನಾರಾಚ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಆದಿದೇವನ ಪೂರ್ವಭವಗಳಲ್ಲೊಂದು ವಜ್ರಜಂಘನದು. ಇವೆಲ್ಲವುಗಳಲ್ಲಿ ‘ವಜ್ರ’ವು ಭೇದಿಸಲಾಗದ ದಾರ್ಢ್ಯವನ್ನು ಹೇಳುತ್ತದೆಯೇ ಹೊರತು ಧರಿಸುವವನಿಗೆ ಫಲ ಕೊಡುವ ಹರಳನ್ನಲ್ಲ. ಈ ವ್ಯತ್ಯಾಸವನ್ನು ಮೊದಲೇ ಮನಗಾಣುವುದು ಅವಶ್ಯಕ.

2. ಆಕರಗ್ರಂಥಗಳು

ವಜ್ರಪರೀಕ್ಷೆಯ ಪ್ರಾಚೀನ ಉಲ್ಲೇಖವು ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಕೋಶಕ್ಕೆ ಸೇರಬೇಕಾದ ರತ್ನಗಳ ಪ್ರಕರಣದಲ್ಲಿ ಬರುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವನ್ನು ವಜ್ರಕ್ಕೇ ಮೀಸಲಿಟ್ಟಿದ್ದಾನೆ. ಬುದ್ಧಭಟ್ಟನ ರತ್ನಪರೀಕ್ಷೆ, ಅಗಸ್ತಿಮತ, ಗರುಡಪುರಾಣದ ರತ್ನಾಧ್ಯಾಯಗಳು ಅನಂತರದ ಪ್ರಮುಖ ಗ್ರಂಥಗಳು. ಕರ್ನಾಟಕದ ಮಟ್ಟಿಗೆ ಮುಖ್ಯವಾದುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಈ ಗ್ರಂಥದಲ್ಲಿ ಕೋಶದ ಪ್ರಸ್ತಾವದೊಡನೆ ರತ್ನಲಕ್ಷಣಗಳೂ ಬಂದಿವೆ. ಈ ವರ್ಗದ ಸಂಸ್ಕೃತ ಗ್ರಂಥಗಳನ್ನು ಒಟ್ಟುಗೂಡಿಸಿ ಫ್ರೆಂಚ್ ವಿದ್ವಾಂಸ ಲೂಯಿ ಫಿನೋ 1896ರಲ್ಲಿ ಪ್ರಕಟಿಸಿದುದು ಆಧುನಿಕ ಅಧ್ಯಯನಕ್ಕೆ ನಾಂದಿಯಾಯಿತು.

ಜೈನರ ಕೊಡುಗೆಯಾಗಿ ಇಲ್ಲಿ ಎತ್ತಿ ಹೇಳಬೇಕಾದ ಕೃತಿ ಠಕ್ಕುರ ಫೇರುವಿನ ‘ರಯಣಪರಿಕ್ಖಾ’. ಫೇರು ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಜೈನ ಗೃಹಸ್ಥ. ಅರಮನೆಯ ಭಂಡಾರದ ರತ್ನಗಳನ್ನು ಕಣ್ಣಾರೆ ಕಂಡು, ಪೂರ್ವಶಾಸ್ತ್ರಗಳನ್ನೂ ಓದಿ ಪ್ರಾಕೃತದಲ್ಲಿ ಈ ಗ್ರಂಥವನ್ನು ವಿಕ್ರಮ ಸಂವತ್ 1372ರಲ್ಲಿ, ಅಂದರೆ ಕ್ರಿ.ಶ. 1315ರಲ್ಲಿ ರಚಿಸಿದನು. ಕಲ್ಕತ್ತೆಯ ಒಂದು ಜೈನ ಭಂಡಾರದಲ್ಲಿ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರಿಗೆ ದೊರೆತ ಹಸ್ತಪ್ರತಿಯಿಂದ ಫೇರುವಿನ ಏಳು ಕೃತಿಗಳು ಬೆಳಕಿಗೆ ಬಂದವು. 1961ರಲ್ಲಿ ಜೋಧಪುರದ ರಾಜಸ್ಥಾನ ಪ್ರಾಚ್ಯವಿದ್ಯಾ ಪ್ರತಿಷ್ಠಾನವು ಅವನ್ನು ಪ್ರಕಟಿಸಿತು. ಒಂದು ಭಂಡಾರದ ಒಂದು ಕಟ್ಟು ತೆರೆಯದೆ ಉಳಿದಿದ್ದರೆ ರತ್ನಶಾಸ್ತ್ರದ ಇತಿಹಾಸದಲ್ಲಿ ಜೈನರ ಹೆಸರೇ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ ಎಂಬುದು ಗಮನಾರ್ಹ.

3. ಉತ್ಪತ್ತಿ

ವಜ್ರದ ಉತ್ಪತ್ತಿಯನ್ನು ಕುರಿತು ಗ್ರಂಥಗಳಲ್ಲಿ ಏಕಾಭಿಪ್ರಾಯವಿಲ್ಲ. ಬಲನೆಂಬ ಅಸುರನ ಎಲುಬುಗಳೇ ವಜ್ರವಾದುವೆಂದು ಬುದ್ಧಭಟ್ಟನೂ ಗರುಡಪುರಾಣವೂ ಹೇಳುತ್ತವೆ. ವರಾಹಮಿಹಿರನು ಇದರ ಜೊತೆಗೆ ಇನ್ನೆರಡು ಮತಗಳನ್ನು ಎತ್ತಿ ಹೇಳಿದ್ದಾನೆ: ದಧೀಚಿಯಿಂದ ರತ್ನಗಳು ಹುಟ್ಟಿದುವೆಂಬುದು ಒಂದು, ಭೂಮಿಯ ಸ್ವಭಾವದಿಂದಲೇ ಕಲ್ಲುಗಳಲ್ಲಿ ಈ ವೈಚಿತ್ರ್ಯ ಉಂಟಾಗುತ್ತದೆಂಬುದು ಇನ್ನೊಂದು. ಆರನೆಯ ಶತಮಾನದಲ್ಲಿಯೇ ಇಂಥ ಸ್ವಭಾವವಾದವು ಒಂದು ಮತವಾಗಿ ದಾಖಲಾಗಿರುವುದು ವಿಶೇಷ.

ಜೈನಾಗಮದ ನಿಲವು ಈ ಮೂರನೆಯ ಮತಕ್ಕೆ ಸಮೀಪವಾದುದು. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪೃಥ್ವೀಕಾಯದ ಮೂವತ್ತಾರು ಭೇದಗಳನ್ನು ಎಣಿಸುವಾಗ ಮಣ್ಣು, ಮರಳು, ಬಂಡೆ, ಉಪ್ಪು, ಕಬ್ಬಿಣ, ತಾಮ್ರ, ಬೆಳ್ಳಿ, ಚಿನ್ನಗಳ ಸಾಲಿನಲ್ಲಿಯೇ ವಜ್ರವನ್ನೂ ಹೇಳಿದೆ. ಶ್ವೇತಾಂಬರ ಪರಂಪರೆಯ ಉತ್ತರಾಧ್ಯಯನ ಸೂತ್ರದ ಮೂವತ್ತಾರನೆಯ ಅಧ್ಯಯನದಲ್ಲಿಯೂ ಇಂಥದೇ ಪಟ್ಟಿಯಿದೆ. ಇಲ್ಲಿ ಅಸುರನ ಎಲುಬಿಲ್ಲ, ದೇವತೆಯ ಆಯುಧವಿಲ್ಲ. ವಜ್ರವು ಭೂಮಿಯದೇ ಒಂದು ಭೇದ. ಮಾತ್ರವಲ್ಲ, ಗಣಿಯಲ್ಲಿರುವ ಪೃಥ್ವಿಯು ಏಕೇಂದ್ರಿಯ ಜೀವಗಳ ಕಾಯವಾದುದರಿಂದ ಅದನ್ನು ಅಗೆಯುವುದು ಆರಂಭಹಿಂಸೆಗೆ ಸೇರಿದ ಕಾರ್ಯ.

ಆಧುನಿಕ ವಿಜ್ಞಾನದ ನಿರ್ಣಯವೂ ವಜ್ರವನ್ನು ಭೂಮಿಯ ಮಗುವೆಂದೇ ಹೇಳುತ್ತದೆ. ವಜ್ರವು ಶುದ್ಧ ಇಂಗಾಲವೆಂಬುದನ್ನು ಇಂಗ್ಲೆಂಡಿನ ಸ್ಮಿತ್ಸನ್ ಟೆನೆಂಟ್ 1797ರಲ್ಲಿ ಅದನ್ನು ಉರಿಸಿ ತೋರಿಸಿದನು. ನೆಲದಿಂದ ಸುಮಾರು 150 ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಅತಿಯಾದ ಒತ್ತಡ ಮತ್ತು ಶಾಖದಲ್ಲಿ ಇಂಗಾಲದ ಪರಮಾಣುಗಳು ಒಂದೊಂದೂ ನಾಲ್ಕು ನೆರೆಯವುಗಳೊಡನೆ ಬಿಗಿಯಾಗಿ ಬೆಸೆದುಕೊಂಡು ವಜ್ರವಾಗುತ್ತವೆ. ಬಹುಪಾಲು ವಜ್ರಗಳ ವಯಸ್ಸು ನೂರು ಕೋಟಿ ವರ್ಷಗಳಿಗಿಂತ ಅಧಿಕ. ಕಿಂಬರ್ಲೈಟ್ ಎಂಬ ಬೆಂಕಿಶಿಲೆ ಆಳದಿಂದ ಕೊಳವೆಯಂತೆ ಮೇಲೆ ನುಗ್ಗುವಾಗ ಇವನ್ನು ಹೊತ್ತು ತರುತ್ತದೆ. ಮಳೆ ಹೊಳೆಗಳು ಆ ಶಿಲೆಯನ್ನು ಸವೆಸಿದ ಮೇಲೆ ವಜ್ರಗಳು ನದೀಪಾತ್ರದ ಜಲ್ಲಿಯಲ್ಲಿ ಉಳಿಯುತ್ತವೆ.

4. ಆಕರಸ್ಥಾನಗಳು ಮತ್ತು ನಮ್ಮ ಸೀಮೆ

ವರಾಹಮಿಹಿರನು ವೇಣಾತಟ, ಕೋಸಲ, ಸೌರಾಷ್ಟ್ರ, ಶೂರ್ಪಾರಕ, ಹಿಮವಂತ, ಮತಂಗ, ಕಳಿಂಗ, ಪೌಂಡ್ರ ಎಂಬ ಎಂಟು ಆಕರಗಳನ್ನು ಹೇಳಿದ್ದಾನೆ. ಇವುಗಳಲ್ಲಿ ಕೆಲವು ಗಣಿಗಳಾಗಿರದೆ ವ್ಯಾಪಾರದ ಸ್ಥಳಗಳಾಗಿದ್ದಿರಬೇಕು. ಶೂರ್ಪಾರಕವು, ಅಂದರೆ ಇಂದಿನ ಸೋಪಾರಾ, ಪ್ರಸಿದ್ಧ ಬಂದರು. ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಬ್ರೆಜಿಲ್ ದೇಶದ ವಜ್ರಗಳು ಪೇಟೆಗೆ ಬರುವವರೆಗೆ, ಬೋರ್ನಿಯೋ ದ್ವೀಪದ ಅಲ್ಪಭಾಗವನ್ನು ಬಿಟ್ಟರೆ, ಲೋಕಕ್ಕೆಲ್ಲ ವಜ್ರವನ್ನು ಒದಗಿಸಿದುದು ಭಾರತವೇ. ಕೃಷ್ಣಾ ತೀರದ ಕೊಲ್ಲೂರು ಗಣಿಯನ್ನು ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ರತ್ನವರ್ತಕ ತಾವೆರ್ನಿಯೆ ಕಂಡು ವರ್ಣಿಸಿದ್ದಾನೆ. ವಿಜಯನಗರದ ಅರಸರಿಗೆ ತಮ್ಮ ಗಣಿಗಳಿಂದ ನಿಶ್ಚಿತ ತೂಕಕ್ಕೆ ಮೀರಿದ ಹರಳುಗಳೆಲ್ಲ ಸಲ್ಲಬೇಕಾಗಿದ್ದುವೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಅನಂತಪುರ ಜಿಲ್ಲೆಯ ವಜ್ರಕರೂರಿನ ಹೆಸರೇ ಅದರ ಚರಿತ್ರೆಯನ್ನು ಸಾರುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರಗಳ ನೆಲವು ಧಾರವಾಡ ಶಿಲಾಸಮೂಹಕ್ಕೆ ಮತ್ತು ಅದರ ಆಧಾರವಾದ ಪ್ರಾಚೀನ ನೈಸ್ ಶಿಲೆಗೆ ಸೇರಿದುದು. ಅಜ್ಜಂಪುರದ ಸುತ್ತ ಚಿನ್ನಕ್ಕಾಗಿ ಅಗೆದ ಹಳೆಯ ಗಣಿಗಳಿವೆ. ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ಹಿಂದೆ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ವಜ್ರದ ಕೊಳವೆಗಳಾದರೋ ಇದೇ ಪ್ರಾಚೀನ ಭೂಖಂಡದ ಪೂರ್ವಭಾಗದಲ್ಲಿ, ವಜ್ರಕರೂರಿನ ಕಡೆ ಮೇಲೆದ್ದಿವೆ. ನಮ್ಮ ಪೂರ್ವಜರು ಕಂಡ ವಜ್ರ ಇಲ್ಲಿಯ ಹೊಲದಲ್ಲಿ ಸಿಕ್ಕಿದುದಲ್ಲ, ವರ್ತಕರ ಕೈಯಿಂದ ಬಂದುದು ಎಂದು ತಿಳಿಯುವುದು ಯುಕ್ತ.

ಈ ಮಾತನ್ನು ಹೇಳಲು ಕಾರಣವಿದೆ. ಮಳೆಗಾಲದ ನಂತರ ಹೊಲದ ಬದುಗಳಲ್ಲಿ ಹೊಳೆಯುವ ಬೆಣಚುಕಲ್ಲು ಮತ್ತು ಸ್ಫಟಿಕದ ಚೂರುಗಳನ್ನು ವಜ್ರವೆಂದು ಭ್ರಮಿಸುವುದುಂಟು. ಗಾಜನ್ನು ಗೀರಿತೆಂಬುದೇ ಸಾಕ್ಷಿಯೆಂದು ಹಲವರು ತಿಳಿಯುತ್ತಾರೆ. ಗಾಜಿನ ಕಾಠಿಣ್ಯ ಸುಮಾರು ಐದೂವರೆ, ಬೆಣಚುಕಲ್ಲಿನದು 7, ಕುರುಂದದ್ದು 9, ವಜ್ರದ್ದು 10. ಆದುದರಿಂದ ಗಾಜನ್ನು ಬೆಣಚುಕಲ್ಲೂ ಗೀರುತ್ತದೆ. ಕುರುಂದವನ್ನು ಗೀರುವ ಸಹಜ ರತ್ನ ವಜ್ರವೊಂದೇ. ಸಕಲ ರತ್ನಗಳನ್ನೂ ಲೋಹಗಳನ್ನೂ ವಜ್ರವು ಗೀರುತ್ತದೆ, ವಜ್ರವನ್ನು ವಜ್ರವಲ್ಲದೆ ಬೇರೊಂದು ಗೀರದು ಎಂದು ರತ್ನಶಾಸ್ತ್ರಗಳು ಹೇಳಿದ ಪರೀಕ್ಷೆ ಇಂದಿಗೂ ಸತ್ಯವಾಗಿಯೇ ಉಳಿದಿದೆ.

5. ಗುಣದೋಷಗಳು

ಉತ್ತಮ ವಜ್ರಕ್ಕೆ ಆರು ಕೋಟಿಗಳು ಅಥವಾ ಮೊನೆಗಳು, ಎಂಟು ಫಲಕಗಳು, ಹನ್ನೆರಡು ಧಾರೆಗಳು ಇರಬೇಕೆಂಬುದು ಬಹುತೇಕ ರತ್ನಗ್ರಂಥಗಳಲ್ಲಿ ಕಾಣುವ ಲಕ್ಷಣ. ಇದನ್ನು ಕವಿಸಮಯವೆಂದು ತಳ್ಳಿಹಾಕುವಂತಿಲ್ಲ. ಎರಡು ಚೌಕ ಗೋಪುರಗಳನ್ನು ಬುಡಕ್ಕೆ ಬುಡ ಸೇರಿಸಿದಂತಿರುವ ಅಷ್ಟಮುಖಿ ಆಕೃತಿಯನ್ನು ಮಣ್ಣಿನಲ್ಲಿ ಮಾಡಿ ಎಣಿಸಿದರೆ ಸರಿಯಾಗಿ ಆರು ಮೊನೆ, ಎಂಟು ಮುಖ, ಹನ್ನೆರಡು ಅಂಚು ದೊರೆಯುತ್ತವೆ. ವಜ್ರದ ಸಹಜ ಹರಳಿನ ಆಕೃತಿ ಇದೇ. ಶಾಸ್ತ್ರಕಾರರು ಸಾಣೆ ಹಿಡಿಯದ ಹರಳನ್ನೇ ಮುಂದಿಟ್ಟುಕೊಂಡು ಬರೆದರೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಡ. ಕಡಿದ ಅಥವಾ ತೀಡಿ ಸವೆಸಿದ ವಜ್ರವು ತನ್ನ ಗುಣವನ್ನು ಕಳೆದುಕೊಳ್ಳುತ್ತದೆಂದು ಅಗಸ್ತಿಮತವು ಹೇಳುವುದನ್ನೂ ಇಲ್ಲಿ ಗಮನಿಸಬೇಕು. ಇಂದು ಅಂಗಡಿಯಲ್ಲಿ ದೊರೆಯುವ ಐವತ್ತೇಳು ಅಥವಾ ಐವತ್ತೆಂಟು ಮುಖಗಳ ಹರಳು ಆ ಶಾಸ್ತ್ರದ ಅಳತೆಯಲ್ಲಿ ವಿಕಲವಾದುದೇ ಆಗುತ್ತದೆ. ಶಾಸ್ತ್ರೋಕ್ತ ಫಲವನ್ನು ಹೇಳಿ ಇಂದಿನ ಹರಳನ್ನು ಮಾರುವವರು ಈ ವಿರೋಧವನ್ನು ಎಣಿಸುವುದಿಲ್ಲ.

ದೋಷಗಳಲ್ಲಿ ಕಾಕಪದ, ಬಿಂದು, ರೇಖೆ, ಮಲ, ಯವ ಮುಖ್ಯವಾದುವು. ಕಾಕಪದವೆಂದರೆ ಕಾಗೆಯ ಹೆಜ್ಜೆಯಂತೆ ಒಳಗೆ ಕವಲೊಡೆದ ಬಿರುಕು. ಇಂದಿನ ಪರೀಕ್ಷಕರು ಹತ್ತುಪಟ್ಟು ಹಿಗ್ಗಿಸುವ ಮಸೂರದಡಿ ಹರಳಿನ ನೈರ್ಮಲ್ಯವನ್ನು ನಿರ್ಣಯಿಸುವಾಗ ಹುಡುಕುವುದೂ ಇಂಥ ಬಿರುಕು, ಚುಕ್ಕೆ, ಮೋಡಗಳನ್ನೇ. ಬಣ್ಣವನ್ನು ಕುರಿತು ಬಿಳಿ, ಕೆಂಪು, ಹಳದಿ, ಕಪ್ಪುಗಳನ್ನು ನಾಲ್ಕು ವರ್ಣಗಳಿಗೆ ಹಂಚಿರುವುದು ಸಾಮಾಜಿಕ ಕಲ್ಪನೆ. ಹರಳಿನ ಬಣ್ಣಕ್ಕೂ ಮನುಷ್ಯನ ಹುಟ್ಟಿಗೂ ಸಂಬಂಧವಿಲ್ಲ. ಸಾರಜನಕದ ಅಂಶ ಬೆರೆತರೆ ವಜ್ರ ಹಳದಿಯಾಗುತ್ತದೆ, ಬೋರಾನ್ ಬೆರೆತರೆ ನೀಲಿಯಾಗುತ್ತದೆ.

6. ಲಘುವೋ ಗುರುವೋ

ಗ್ರಂಥಗಳ ನಡುವೆ ಒಂದು ಸ್ಪಷ್ಟ ವಿರೋಧವಿದೆ. ಕೌಟಿಲ್ಯನು ಪ್ರಶಸ್ತ ವಜ್ರವು ಭಾರವುಳ್ಳದ್ದು, ಪೆಟ್ಟನ್ನು ತಾಳುವುದು, ಪಾತ್ರೆಯ ಮೇಲೆ ಗೆರೆ ಎಳೆಯುವುದು ಎನ್ನುತ್ತಾನೆ. ವರಾಹಮಿಹಿರ ಮೊದಲಾದವರು ಅದು ಲಘುವಾಗಿದ್ದು ನೀರಿನಲ್ಲಿ ತೇಲಬೇಕೆನ್ನುತ್ತಾರೆ. ವಜ್ರವು ನೀರಿಗಿಂತ ಮೂರೂವರೆ ಪಾಲು ಸಾಂದ್ರವಾದುದು. ಹರಳು ಮುಳುಗಿಯೇ ಮುಳುಗುತ್ತದೆ. ಇಲ್ಲಿ ಕೌಟಿಲ್ಯನ ಮಾತೇ ಪ್ರತ್ಯಕ್ಷಕ್ಕೆ ಹೊಂದುತ್ತದೆ.

ಹಾಗಾದರೆ ತೇಲುವ ಮಾತು ಎಲ್ಲಿಂದ ಬಂತು? ವಜ್ರದ ಮೈಗೆ ನೀರು ಹತ್ತುವುದಿಲ್ಲ, ಜಿಡ್ಡು ಹತ್ತುತ್ತದೆ. ಆಫ್ರಿಕದ ಗಣಿಗಳಲ್ಲಿ ಜಲ್ಲಿಯನ್ನು ನೀರಿನೊಡನೆ ಜಿಡ್ಡು ಬಳಿದ ಹಲಗೆಯ ಮೇಲೆ ಹರಿಸಿ, ಅಂಟಿಕೊಂಡ ವಜ್ರಗಳನ್ನು ಬೇರ್ಪಡಿಸುವ ಕ್ರಮವು ಈ ಗುಣವನ್ನೇ ಆಧರಿಸಿದೆ. ಅತಿ ಸಣ್ಣ ಒಣ ಚೂರು ನೀರಿನ ಮೇಲ್ಪೊರೆಯ ಮೇಲೆ ನಿಂತುದನ್ನು ಕಂಡವರು ‘ತೇಲುವ’ ಲಕ್ಷಣವನ್ನು ಹೇಳಿರಬಹುದೆಂಬುದು ನಮ್ಮ ಊಹೆ. ಊಹೆ ಏನೇ ಇರಲಿ, ನೀರಿಗೆ ಹಾಕಿ ತೇಲದ ಹರಳನ್ನು ಕೃತಕವೆಂದು ತಳ್ಳುವುದು ಸರಿಯಲ್ಲ. ‘ಪೆಟ್ಟನ್ನು ತಾಳುವುದು’ ಎಂಬ ಮಾತನ್ನೂ ಪರೀಕ್ಷೆಯಾಗಿ ಬಳಸಬಾರದು. ವಜ್ರವು ಗೀರಿಗೆ ಜಗ್ಗದಿದ್ದರೂ ಅಷ್ಟಮುಖಿಯ ಮುಖಗಳಿಗೆ ಸಮಾನಾಂತರವಾದ ಸೀಳುಗಳುಳ್ಳದ್ದು. ಸುತ್ತಿಗೆಯ ಒಂದು ಏಟಿಗೆ ಒಡೆಯಬಲ್ಲುದು. ಕಾಠಿಣ್ಯ ಬೇರೆ, ಏಟು ತಾಳುವ ಗಟ್ಟಿತನ ಬೇರೆ.

7. ಮೌಲ್ಯ

ವರಾಹಮಿಹಿರನ ಮಾನದಲ್ಲಿ ಎಂಟು ಬಿಳಿ ಸಾಸಿವೆ ಕಾಳಿಗೆ ಒಂದು ತಂಡುಲ. ಇಪ್ಪತ್ತು ತಂಡುಲ ತೂಗುವ ವಜ್ರಕ್ಕೆ ಎರಡು ಲಕ್ಷ ಬೆಲೆ. ತೂಕ ಇಳಿದಂತೆ ಬೆಲೆಯು ಅದಕ್ಕಿಂತ ಬೇಗ ಇಳಿಯುತ್ತದೆ. ಒಂದು ದೊಡ್ಡ ಹರಳು ಅಷ್ಟೇ ತೂಕದ ಹತ್ತು ಸಣ್ಣ ಹರಳುಗಳಿಗಿಂತ ಬಹುಪಾಲು ಬೆಲೆಯುಳ್ಳದ್ದೆಂಬ ಈ ತತ್ತ್ವ ಇಂದಿಗೂ ನಡೆಯುತ್ತಿದೆ. ತೂಕಕ್ಕೆ ಉತ್ತರದಲ್ಲಿ ಗುಲಗಂಜಿಯ ರತ್ತಿ, ದಕ್ಷಿಣದ ವಜ್ರವ್ಯಾಪಾರದಲ್ಲಿ ಮಂಜಾಡಿ ಬೀಜ ಆಧಾರ. ಇಂದು ಲೋಕಮಾನ್ಯವಾದ ಕ್ಯಾರೆಟ್ 200 ಮಿಲಿಗ್ರಾಂ. ತೂಕ, ಬಣ್ಣ, ನೈರ್ಮಲ್ಯ, ಸಾಣೆಯ ರೀತಿ ಈ ನಾಲ್ಕರಿಂದ ಇಂದಿನ ಬೆಲೆ ನಿಶ್ಚಯವಾಗುತ್ತದೆ. ಮೊದಲ ಮೂರು ನಮ್ಮ ಗ್ರಂಥಗಳಲ್ಲಿಯೂ ಇವೆ, ನಾಲ್ಕನೆಯದು ಹೊಸದು.

1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವಜ್ರವನ್ನು ತಯಾರಿಸಲಾಯಿತು. ಈಗ ಪ್ರಯೋಗಶಾಲೆಯ ಹರಳುಗಳು ಆಭರಣದ ಪೇಟೆಗೂ ಬಂದಿವೆ. ಅವು ಗಾಜಲ್ಲ, ಇಂಗಾಲವೇ, ಕಾಠಿಣ್ಯ 10ರ ವಜ್ರವೇ. ಆದರೆ ಬೆಲೆ ಗಣಿಯ ಹರಳಿಗಿಂತ ಬಹಳ ಕಡಿಮೆ. ಬರಿಗಣ್ಣಿಗೆ ಭೇದ ತಿಳಿಯದು. ಈ ಸಂದರ್ಭದಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಎರಡು ನೇರವಾಗಿ ಅನ್ವಯಿಸುತ್ತವೆ: ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರ. ತೂಕದಲ್ಲಿ ಹೆಚ್ಚುಕಡಿಮೆ ಮಾಡುವುದೂ ಒಂದನ್ನು ಮತ್ತೊಂದೆಂದು ಮಾರುವುದೂ ಕಳವಿಗೆ ಸಮಾನವೆಂಬುದು ಆಚಾರ್ಯರ ನಿರ್ಣಯ. ರತ್ನವ್ಯಾಪಾರದಲ್ಲಿ ತಲೆತಲಾಂತರದಿಂದ ತೊಡಗಿದ ಸಮಾಜಕ್ಕೆ ಈ ಎರಡು ಶಬ್ದಗಳು ಯಾವ ರತ್ನಲಕ್ಷಣಕ್ಕಿಂತಲೂ ಹೆಚ್ಚು ಉಪಯುಕ್ತ.

8. ‘ಜನ್ಮರತ್ನ’

ಈಗ ಮೂಲ ಪ್ರಶ್ನೆಗೆ ಬರೋಣ. ಹನ್ನೆರಡು ತಿಂಗಳಿಗೆ ಹನ್ನೆರಡು ಹರಳು, ಏಪ್ರಿಲ್ ತಿಂಗಳಿಗೆ ವಜ್ರ ಎಂಬ ಇಂದಿನ ಪಟ್ಟಿ 1912ರಲ್ಲಿ ಅಮೆರಿಕದ ಆಭರಣ ವರ್ತಕರ ಸಂಘವು ಗೊತ್ತುಪಡಿಸಿದುದು. ಅದಕ್ಕೆ ಹಿಂದೆ ಪಾಶ್ಚಾತ್ಯರಲ್ಲಿ ಬೇರೆ ಬೇರೆ ಪಟ್ಟಿಗಳಿದ್ದುವು. ಅವುಗಳ ಗೊಂದಲವನ್ನು ನೀಗಿಸಿ ವ್ಯಾಪಾರಕ್ಕೆ ಅನುಕೂಲ ಮಾಡಿಕೊಂಡುದೇ ಈ ಪಟ್ಟಿ. ನಮ್ಮಲ್ಲಿ ರೂಢಿಯಾಗಿರುವ ನವಗ್ರಹ–ನವರತ್ನ ಸಂಬಂಧದಲ್ಲಿ ವಜ್ರವು ಶುಕ್ರನದು. ಅದು ತಿಂಗಳಿಗೆ ಸಂಬಂಧಿಸಿದುದಲ್ಲ. ಬೃಹತ್ಸಂಹಿತೆಯ ವಜ್ರಾಧ್ಯಾಯವಾದರೋ ವಜ್ರದ ಬಗೆಗಳನ್ನು ಇಂದ್ರ, ಯಮ, ವಿಷ್ಣು, ವರುಣ, ಅಗ್ನಿ, ವಾಯುಗಳಿಗೆ ಹೇಳಿದೆ. ಪುತ್ರಾಪೇಕ್ಷಿಗಳಾದ ಸ್ತ್ರೀಯರು ವಜ್ರವನ್ನು ಧರಿಸಬಾರದೆಂಬ ಕೆಲವರ ಮತವನ್ನೂ ಅದೇ ಅಧ್ಯಾಯ ಎತ್ತಿಕೊಂಡಿದೆ. ಮದುವೆಯ ಉಂಗುರಕ್ಕೆ ವಜ್ರವೇ ಶ್ರೇಷ್ಠವೆಂದು ‘ಪ್ರಾಚೀನ ಶಾಸ್ತ್ರ’ದ ಹೆಸರಿನಲ್ಲಿ ಹೇಳುವವರು ಈ ಭಾಗವನ್ನು ಓದಿರಲಾರರು.

ಭಗವಾನ್ ಮಹಾವೀರರ ಜನ್ಮಕಲ್ಯಾಣಕವು ಚೈತ್ರ ಶುಕ್ಲ ತ್ರಯೋದಶಿಯಂದು ಬರುತ್ತದೆ. ಅದು ಅನೇಕ ವರ್ಷಗಳಲ್ಲಿ ಏಪ್ರಿಲ್ ತಿಂಗಳಲ್ಲಿಯೇ ಬೀಳುತ್ತದೆ. ಆ ಕಾರಣದಿಂದ ಚೈತ್ರಕ್ಕೆ ವಜ್ರವನ್ನು ಹೇಳಿದ ಆಗಮವಿಲ್ಲ. ಜೀವದ ಸುಖದುಃಖಗಳಿಗೆ ಅದರ ಕರ್ಮವೇ ಕಾರಣವೆಂದು ಸಾರುವ ದರ್ಶನದಲ್ಲಿ, ಏಕೇಂದ್ರಿಯ ಜೀವವು ಬಿಟ್ಟುಹೋದ ಒಂದು ಕಾಯವು ಪಂಚೇಂದ್ರಿಯ ಜೀವದ ಉದಯಕರ್ಮವನ್ನು ತಿದ್ದುವುದು ಹೇಗೆ? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ಸಮ್ಯಗ್ದರ್ಶನಕ್ಕೆ ಅಡ್ಡಿಯಾಗಿ ಎಣಿಸಿದ್ದಾರೆ. ಫಲಾಪೇಕ್ಷೆಯಿಂದ ಹರಳನ್ನು ಧರಿಸುವುದು ಆ ವರ್ಗಕ್ಕೆ ಸೇರುವುದೆಂಬುದು ನಮ್ಮ ಅಭಿಪ್ರಾಯ. ಅಲಂಕಾರಕ್ಕಾಗಿ, ಪರಿಗ್ರಹಪರಿಮಾಣದ ಮಿತಿಯೊಳಗೆ ಧರಿಸುವ ಗೃಹಸ್ಥರನ್ನು ಈ ಮಾತು ಮುಟ್ಟುವುದಿಲ್ಲ.

9. ಸಂಪಾದಕರಿಗೊಂದು ಮಾತು

ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಉಳಿದಿರುವ ಓಲೆಯ ಕಟ್ಟುಗಳಲ್ಲಿ ವೈದ್ಯ, ಜ್ಯೋತಿಷ, ಮಂತ್ರಗಳ ನಡುವೆ ರತ್ನಲಕ್ಷಣದ ಬಿಡಿ ಗರಿಗಳು ಸೇರಿರುವುದು ಅಸಂಭವವಲ್ಲ. ಇಂಥ ಗರಿ ದೊರೆತಾಗ ಮೂರು ವಿಷಯಗಳನ್ನು ನೋಡಬೇಕು. ಮೊದಲನೆಯದಾಗಿ ಸಂಖ್ಯೆಗಳು: ಆರು, ಎಂಟು, ಹನ್ನೆರಡರ ಕ್ರಮ ತಪ್ಪಿದ್ದರೆ ಲಿಪಿಕಾರನ ಸ್ಖಾಲಿತ್ಯವನ್ನು ಅಷ್ಟಮುಖಿಯ ಆಕೃತಿಯಿಂದಲೇ ತಿದ್ದಬಹುದು. ಎರಡನೆಯದಾಗಿ ತೂಕದ ಹೆಸರುಗಳು: ಅವನ್ನು ಇಂದಿನ ಮಾನಕ್ಕೆ ತಿರುಗಿಸದೆ ಇದ್ದಂತೆಯೇ ಅಚ್ಚಿಸಬೇಕು; ಅವುಗಳಿಂದಲೇ ಗ್ರಂಥದ ದೇಶಕಾಲಗಳು ತಿಳಿಯುವ ಸಂಭವವುಂಟು. ಮೂರನೆಯದಾಗಿ ಫಲಶ್ರುತಿ: ಲಕ್ಷಣಭಾಗಕ್ಕೂ ಫಲಭಾಗಕ್ಕೂ ಭಾಷೆ, ಛಂದಸ್ಸು, ಕೈಬರಹ ಒಂದೇ ಆಗಿವೆಯೇ ಎಂದು ಪರೀಕ್ಷಿಸಬೇಕು. ಫಲಭಾಗವು ಹಲವೊಮ್ಮೆ ಹಿಂದಿನಿಂದ ಸೇರಿದುದಾಗಿರುತ್ತದೆ.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರತ್ನಬಿಂಬಗಳೂ ಧವಳಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳೂ ಒಂದೇ ಮಾಡಿನಡಿ ಕಾಪಾಡಲ್ಪಟ್ಟು ಬಂದುವು. ಯಾತ್ರಿಕರು ಎರಡಕ್ಕೂ ‘ದರ್ಶನ’ವೆಂಬ ಒಂದೇ ಶಬ್ದವನ್ನು ಬಳಸುತ್ತಿದ್ದರು. ಧವಳಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಹೀರಾಲಾಲ ಜೈನ ಅವರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದ ಮೇಲೆ ಆ ಗರಿಗಳ ಬೆಲೆ ಏನೆಂದು ಲೋಕಕ್ಕೆ ತಿಳಿಯಿತು. ಹರಳು ಕಳೆದರೆ ಇನ್ನೊಂದು ಹರಳನ್ನು ಕೊಳ್ಳಬಹುದು. ಏಕೈಕ ಪ್ರತಿಯ ಒಂದು ಗರಿ ಹೋದರೆ ಅದಕ್ಕೆ ಪ್ರತಿಯಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಶ್ರಾವಕರು ಜನ್ಮರತ್ನವನ್ನು ಕೇಳಿಕೊಂಡು ಬಂದಾಗ, ಪಂಡಿತರು ಉತ್ತರವನ್ನು ಹೇಳಿದ ಮೇಲೆ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಓಲೆಯ ಕಟ್ಟು ಇದೆಯೇ ಎಂದು ತಾವೂ ಒಂದು ಮಾತು ಕೇಳುವುದು ಉಚಿತ.